ಡೌನ್ ಸಿಂಡ್ರೋಮ್ ಮಕ್ಕಳ ಆರೈಕೆ: ಒಂದೇ ಕಡತ, ಒಬ್ಬ ಮುಖ್ಯ ವೈದ್ಯರು

ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳಿರುವುದು ಸಹಜ. ಅವುಗಳಲ್ಲಿ 21ನೆಯದು ಎರಡರ ಬದಲು ಮೂರಾದಾಗ ಉಂಟಾಗುವ ಸ್ಥಿತಿಯೇ ಡೌನ್ ಸಿಂಡ್ರೋಮ್. ಫ್ರಾನ್ಸಿನ ಜೆರೋಮ್ ಲೆಜೂನ್ ಹಾಗೂ ಸಂಗಡಿಗರು 1959ರಲ್ಲಿ ಇದನ್ನು ಪ್ರಕಟಿಸಿದರು. ಗ್ರಹಣಕಾಲದಲ್ಲಿ ತಾಯಿ ಹೊರಬಂದುದಾಗಲಿ, ಪೂರ್ವಜನ್ಮದ ಪಾಪವಾಗಲಿ ಇದಕ್ಕೆ ಕಾರಣವಲ್ಲ. ಹಾಗೆಂದು ಹೆತ್ತವಳನ್ನು ನೋಯಿಸುವುದು ಶರಣಧರ್ಮಕ್ಕೆ ಸಲ್ಲದು.

ಈ ಸ್ಥಿತಿಯನ್ನೇ ನಿವಾರಿಸುವ ಔಷಧವಿಲ್ಲ. ಆದರೆ ಇದರೊಡನೆ ಬರುವ ತೊಂದರೆಗಳಲ್ಲಿ ಅನೇಕವು ಚಿಕಿತ್ಸೆಗೆ ಒಳಪಡುವಂಥವು. ಕಷ್ಟವಿರುವುದು ಬೇರೆಡೆ. ಹೃದಯಕ್ಕೊಬ್ಬರು, ಥೈರಾಯ್ಡಿಗೊಬ್ಬರು, ಕಣ್ಣು, ಕಿವಿ, ಮಾತುಗಳಿಗೆ ಮತ್ತೊಬ್ಬರು. ಒಬ್ಬರು ಬರೆದುದು ಇನ್ನೊಬ್ಬರಿಗೆ ತಿಳಿಯದೆ, ಇಡೀ ಮಗುವನ್ನು ನೋಡುವವರೇ ಇಲ್ಲದಂತಾಗುತ್ತದೆ. ಆದ್ದರಿಂದ ಸಮೀಪದ ಮಕ್ಕಳ ವೈದ್ಯರೊಬ್ಬರನ್ನು ಮುಖ್ಯರೆಂದು ಇಟ್ಟುಕೊಂಡು, ಎಲ್ಲ ವರದಿಗಳನ್ನೂ ದಿನಾಂಕದ ಕ್ರಮದಲ್ಲಿ ಒಂದೇ ಕಡತದಲ್ಲಿರಿಸಿ, ಯಾವ ತಜ್ಞರಲ್ಲಿಗೆ ಹೋದರೂ ಅದನ್ನು ಒಯ್ಯಬೇಕು.

ಎಲ್ಲಕ್ಕಿಂತ ಅವಸರದ್ದು ಹೃದಯ. ಈ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದೋಷವಿರುತ್ತದೆ. ಸ್ಟೆತಾಸ್ಕೋಪಿನಲ್ಲಿ ಅಸಹಜ ಶಬ್ದ ಕೇಳಿಸದಿದ್ದ ಮಾತ್ರಕ್ಕೆ ದೋಷವಿಲ್ಲವೆಂದಲ್ಲ. ಹೃದಯದ ನಡುಗೋಡೆಯಲ್ಲಿ ದೊಡ್ಡ ರಂಧ್ರವಿದ್ದರೆ ಶ್ವಾಸಕೋಶದತ್ತ ಅಧಿಕ ರಕ್ತ ನುಗ್ಗಿ, ಅಲ್ಲಿನ ರಕ್ತನಾಳಗಳು ಕ್ರಮೇಣ ಗಡುಸಾಗುತ್ತವೆ. ಆ ಹಂತ ಮೀರಿದರೆ ಶಸ್ತ್ರಚಿಕಿತ್ಸೆಗೇ ಅವಕಾಶವಿರದು. ಈ ಹಾನಿ ಇತರ ಮಕ್ಕಳಿಗಿಂತ ಇವರಲ್ಲಿ ಬೇಗ ಸಂಭವಿಸುತ್ತದೆ. ಅಂಥ ದೋಷವನ್ನು ಸಾಮಾನ್ಯವಾಗಿ ಮೊದಲ ಆರು ತಿಂಗಳೊಳಗೇ ಸರಿಪಡಿಸುತ್ತಾರೆ. ಆದುದರಿಂದ ನಾಮಕರಣದ ದಿನ ಗೊತ್ತುಮಾಡುವ ಮೊದಲು ಎಕೋ ಪರೀಕ್ಷೆಯ ದಿನ ಗೊತ್ತುಮಾಡುವುದು ಲೇಸು.

ಥೈರಾಯ್ಡ್ ಪರೀಕ್ಷೆಯನ್ನು ಹುಟ್ಟಿದಾಗ, ಆರು ತಿಂಗಳಿಗೆ, ವರ್ಷಕ್ಕೆ, ಅನಂತರ ಪ್ರತಿವರ್ಷ ಮಾಡಿಸಬೇಕು. ಮಗುವಿನ ಮಂದತನ, ಮಲಬದ್ಧತೆ, ಒಣಚರ್ಮಗಳನ್ನು ಕಂಡು ‘ಈ ಮಕ್ಕಳು ಹೀಗೆಯೇ’ ಎಂದು ಸುಮ್ಮನಿರುವವರುಂಟು. ಥೈರಾಯ್ಡ್ ಕೊರತೆಯ ಲಕ್ಷಣಗಳೂ ಅವೇ! ಅಂತೆಯೇ ಮಾತು ತಡವಾದಾಗ ಬುದ್ಧಿಯನ್ನು ದೂರುವ ಮೊದಲು ಕಿವಿಯಲ್ಲಿ ದ್ರವ ನಿಂತಿದೆಯೇ ಎಂದು ನೋಡಿಸಬೇಕು. ಕಣ್ಣಿನ ತಪಾಸಣೆಯೂ ಆರು ತಿಂಗಳೊಳಗೆ ಆಗಬೇಕು.

ಯಾವುದೇ ಶಸ್ತ್ರಚಿಕಿತ್ಸೆಗೆ ಮೊದಲು ಅರಿವಳಿಕೆ ನೀಡುವ ವೈದ್ಯರಿಗೆ ಹೃದಯ, ಥೈರಾಯ್ಡುಗಳ ವರದಿ ತೋರಿಸಿ, ಮಗುವಿಗೆ ಡೌನ್ ಸಿಂಡ್ರೋಮ್ ಇದೆಯೆಂದು ತಿಳಿಸಬೇಕು. ಇವರಲ್ಲಿ ಕೆಲವರಿಗೆ ಕತ್ತಿನ ಮೇಲ್ಭಾಗದ ಮೂಳೆಗಳ ಸಂಧಿ ಸಡಿಲವಾಗಿರುತ್ತದೆ. ಕತ್ತನ್ನು ಬಹಳ ಬಾಗಿಸಿದರೆ ಬೆನ್ನುಹುರಿಗೆ ಪೆಟ್ಟಾಗಬಹುದು. ನಡಿಗೆ ಬದಲಾದರೆ, ಕೈಕಾಲು ಸೋತರೆ, ಹತೋಟಿಯಲ್ಲಿದ್ದ ಮೂತ್ರ ಮತ್ತೆ ತಪ್ಪಿದರೆ ಅಂದೇ ಆಸ್ಪತ್ರೆಗೆ ಒಯ್ಯಿರಿ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಡೌನ್ ಸಿಂಡ್ರೋಮ್ ಸೇರಿದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳು ಇದರ ವ್ಯಾಪ್ತಿಗೆ ಬರುತ್ತಾರೆ. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ತಪಾಸಣೆಗೆ ದಾರಿ ತೋರುವರು.