ನೆರಿಗೆ ಬೇಕು, ಸುಕ್ಕು ಬೇಡ

ಬಟ್ಟೆಯ ಮೇಲೆ ಬೀಳುವ ಗೆರೆಗಳಿಗೆ ಕನ್ನಡದಲ್ಲಿ ಹೆಸರುಗಳು ಹಲವು. ನಾವಾಗಿ ಎಣಿಸಿ ಹಿಡಿದರೆ ಅದು ನೆರಿಗೆ. ಅಂಚಿಗೆ ಅಂಚು ಕೂಡಿಸಿ ಒತ್ತಿದರೆ ಮಡಿಕೆ. ನಮ್ಮನ್ನು ಕೇಳದೆ ತಾನಾಗಿಯೇ ಬಿದ್ದರೆ ಸುಕ್ಕು. ಸೀರೆ ಉಡುವವರು ನೆರಿಗೆ ಸರಿಯಾಗಿ ಕೂರಲೆಂದು ಕನ್ನಡಿಯ ಮುಂದೆ ಹೆಣಗುತ್ತಾರೆ. ಅದೇ ಸೀರೆಯ ಸೆರಗಿನಲ್ಲಿ ಸುಕ್ಕು ಕಂಡರೆ ಇಸ್ತ್ರಿ ಪೆಟ್ಟಿಗೆ ಹುಡುಕುತ್ತಾರೆ. ಬೇಕಾದುದಕ್ಕೆ ಒಂದು ಹೆಸರು, ಬೇಡವಾದುದಕ್ಕೆ ಇನ್ನೊಂದು. ಆದರೆ ಬಟ್ಟೆಗೆ, ಕಾಗದಕ್ಕೆ ಈ ಭೇದ ತಿಳಿಯದು. ಅವುಗಳ ಪಾಲಿಗೆ ಎಲ್ಲವೂ ಬಾಗುವಿಕೆಯೇ. ಹಾಗಾದರೆ ಸುಕ್ಕು ಬೀಳುವುದೇಕೆ? ಅದನ್ನು ತೊಲಗಿಸಲು ಮನುಷ್ಯ ತೆತ್ತ ಬೆಲೆ ಏನು?

ಉತ್ತರ ನಿಮ್ಮ ಕೈಯಲ್ಲಿರುವ ಕಾಗದದಲ್ಲೇ ಇದೆ. ಅದನ್ನು ಬಾಗಿಸಲು ಒಂದು ಬೆರಳು ಸಾಕು. ಎಳೆದು ಉದ್ದ ಮಾಡಲು ಹೋದರೆ ಹರಿಯುತ್ತದೆಯೇ ಹೊರತು ಹಿಗ್ಗುವುದಿಲ್ಲ. ತೆಳುವಾದ ಹಾಳೆಗಳೆಲ್ಲದರ ಸ್ವಭಾವ ಇದು: ಬಾಗುವುದು ಸುಲಭ, ಹಿಗ್ಗುವುದು ಕಷ್ಟ. ಆದುದರಿಂದ ಹಾಳೆಯ ಒಂದು ಭಾಗ ತನ್ನ ಪಕ್ಕದ ಭಾಗಕ್ಕಿಂತ ಕೊಂಚ ಉದ್ದವಾಯಿತೆಂದರೆ, ಆ ಹೆಚ್ಚುವರಿ ಉದ್ದಕ್ಕೆ ಸಮತಲದಲ್ಲಿ ಜಾಗವಿಲ್ಲದೆ ಅದು ಮೇಲಕ್ಕೋ ಕೆಳಕ್ಕೋ ಉಬ್ಬುತ್ತದೆ. ಆ ಉಬ್ಬುತಗ್ಗುಗಳ ಸಾಲೇ ಸುಕ್ಕು. ಈ ಸುಕ್ಕುಗಳ ನಡುವಿನ ಅಂತರ ಎಷ್ಟಿರುತ್ತದೆಂಬುದನ್ನು ಲೆಕ್ಕ ಹಾಕಿ ತೋರಿಸಿದವರು ಮದರಾಸಿನ ಐ.ಐ.ಟಿ.ಯಲ್ಲಿ ಓದಿ ಅಮೆರಿಕಕ್ಕೆ ಹೋದ ಎಲ್. ಮಹಾದೇವನ್ ಮತ್ತು ಚಿಲಿ ದೇಶದ ಎನ್ರಿಕೆ ಸೆರ್ದಾ. ಅವರ ಪ್ರಬಂಧ ಪ್ರಕಟವಾದುದು 2003ರಲ್ಲಿ. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ‘ಇಗ್ ನೊಬೆಲ್’ ಬಹುಮಾನ 2007ರಲ್ಲಿ ಅವರಿಗೆ ಸಂದಿತು. ಸುಕ್ಕಿನ ಬಗ್ಗೆ ತಲೆ ಕೆಡಿಸಿಕೊಳ್ಳುವವರನ್ನು ಕಂಡು ನಗು ಬರುವುದು ಸಹಜವೇ. ಆದರೆ ವಿಷಯ ನಗುವಂಥದಲ್ಲ.

ಮಳೆಗಾಲದಲ್ಲಿ ಪುಸ್ತಕದ ಹಾಳೆಗಳು ಅಲೆಅಲೆಯಾಗುವುದನ್ನು ನೋಡಿ. ಕಾಗದವೆಂದರೆ ಸಸ್ಯದ ನಾರುಗಳು ಒಂದರ ಮೇಲೊಂದು ಹೆಣೆದುಕೊಂಡ ಚಾಪೆ. ತೇವ ತಗುಲಿದಾಗ ಪ್ರತಿ ನಾರೂ ದಪ್ಪವಾಗುತ್ತದೆ, ಉದ್ದದಲ್ಲಿ ಹೆಚ್ಚೇನೂ ಬದಲಾಗದು. ಯಂತ್ರದಲ್ಲಿ ತಯಾರಾದ ಕಾಗದದಲ್ಲಿ ಹೆಚ್ಚಿನ ನಾರುಗಳು ಯಂತ್ರ ಓಡುವ ದಿಕ್ಕಿಗೇ ಮಲಗಿರುತ್ತವೆ. ಓದಿ ಮುಗಿಸಿದ ಪತ್ರಿಕೆಯ ಒಂದು ಪುಟವನ್ನು ಮೇಲಿನಿಂದ ಕೆಳಕ್ಕೆ ಹರಿದು ನೋಡಿ, ಹೆಚ್ಚುಕಡಿಮೆ ನೇರವಾಗಿ ಸೀಳುತ್ತದೆ. ಅಡ್ಡಕ್ಕೆ ಹರಿದರೆ ಅಂಕುಡೊಂಕು. ನಾರು ಮಲಗಿರುವ ದಿಕ್ಕು ಹೀಗೆ ತಿಳಿಯುತ್ತದೆ. ತೇವದಲ್ಲಿ ಕಾಗದ ಹಿಗ್ಗುವುದು ಹೆಚ್ಚಾಗಿ ಈ ದಿಕ್ಕಿಗೆ ಅಡ್ಡಲಾಗಿ. ಮುಚ್ಚಿಟ್ಟ ಪುಸ್ತಕದಲ್ಲಿ ಹೊರಗಾಳಿಯ ತೇವ ಮೊದಲು ತಟ್ಟುವುದು ಅಂಚಿಗೆ. ಅಂಚು ಹಿಗ್ಗುತ್ತದೆ, ಒಳಭಾಗ ಇದ್ದಲ್ಲೇ ಇರುತ್ತದೆ, ಹಾಳೆ ಅಲೆಯಾಗುತ್ತದೆ.

ಮನೆಯ ಹಳೆಯ ಕ್ರಯಪತ್ರವೋ ಅಜ್ಜನ ಕೈಬರಹವೋ ಹೀಗೆ ಸುಕ್ಕುಗಟ್ಟಿದಾಗ ಕಾದ ಇಸ್ತ್ರಿ ಪೆಟ್ಟಿಗೆ ಒತ್ತುವುದು ಸಲ್ಲದು. ಬಿಸಿ ತಾಗಿದ ಕಾಗದ ಬೇಗ ಮುಪ್ಪಾಗುತ್ತದೆ. ಶಾಯಿ ಹರಡದಂತಿದ್ದರೆ, ತುಸು ತೇವವಿರುವಾಗಲೇ ಎರಡು ಒತ್ತುಕಾಗದಗಳ ನಡುವೆ ಇಟ್ಟು, ಮೇಲೆ ಸಮತಟ್ಟಾದ ಭಾರ ಹೇರಿ, ಒತ್ತುಕಾಗದವನ್ನು ಆಗಾಗ ಬದಲಿಸುತ್ತ ನಿಧಾನವಾಗಿ ಒಣಗಲು ಬಿಡಬೇಕು. ಇಡೀ ಹಾಳೆ ಒಂದೇ ಸಮನೆ ಒಣಗಿದರೆ ಒಂದು ಭಾಗಕ್ಕೂ ಇನ್ನೊಂದಕ್ಕೂ ಜಗಳವಿಲ್ಲ. ಸುಕ್ಕು ಬಿಡಿಸಲೆಂದು ಪ್ಲಾಸ್ಟಿಕ್ ಲ್ಯಾಮಿನೇಷನ್ ಮಾಡಿಸುವುದಂತೂ ಬೇಡ. ಆಮೇಲೆ ಕಾಗದವನ್ನೂ ಪ್ಲಾಸ್ಟಿಕನ್ನೂ ಕೇಡಿಲ್ಲದೆ ಬೇರ್ಪಡಿಸುವುದು ದುಸ್ತರ.

ದರ್ಜಿಗಳನ್ನು ಕಾಡುವ ತೊಂದರೆಯೂ ಇದೇ ಜಾತಿಯದು. ಹೊಸ ಅಂಗಿ ಅಂಗಡಿಯಲ್ಲಿ ನುಣುಪಾಗಿರುತ್ತದೆ, ಮೊದಲ ಒಗೆತದ ನಂತರ ಹೊಲಿಗೆಯ ಸಾಲು ಮುದುರಿಕೊಳ್ಳುತ್ತದೆ. ದಾರ ಕುಗ್ಗಿತು, ಬಟ್ಟೆ ಅಷ್ಟು ಕುಗ್ಗಲಿಲ್ಲ. ಕಾಲರಿನ ಒಳಗಿಟ್ಟ ಗಟ್ಟಿ ಬಟ್ಟೆಯೂ ಹೊರಗಿನ ಬಟ್ಟೆಯೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿದಾಗಲೂ ಹೀಗೆಯೇ. ಅನುಭವಿ ದರ್ಜಿಗಳು ಕತ್ತರಿಸುವ ಮೊದಲೇ ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಒಣಗಿಸುವುದು ಇದಕ್ಕಾಗಿಯೇ. ಜಗಳವೇನಿದ್ದರೂ ಒಂದಾಗುವ ಮೊದಲೇ ಮುಗಿಯಲಿ ಎಂಬ ಜಾಣತನ.

ಹತ್ತಿಯ ಸುಕ್ಕಿಗೆ ಇನ್ನೊಂದು ಕಾರಣ ಸೇರುತ್ತದೆ. ಹತ್ತಿಯ ನಾರಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಸೆಲ್ಯುಲೋಸ್. ಅದರ ಅಣುಗಳು ಉದ್ದನೆಯ ಸರಪಳಿಗಳಂತಿದ್ದು, ಅಕ್ಕಪಕ್ಕದ ಸರಪಳಿಗಳು ಜಲಜನಕದ ದುರ್ಬಲ ಬಂಧಗಳಿಂದ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ನೀರು ಒಳಹೊಕ್ಕರೆ ಈ ಹಿಡಿತಗಳು ಸಡಿಲವಾಗಿ ಸರಪಳಿಗಳು ಜಾರುತ್ತವೆ. ಒಣಗಿದಾಗ ಜಾರಿದ ಜಾಗದಲ್ಲೇ ಹೊಸ ಹಿಡಿತಗಳು ಹುಟ್ಟುತ್ತವೆ. ಬಸ್ಸಿನಲ್ಲಿ ಎರಡು ತಾಸು ಕುಳಿತೆದ್ದವರ ಹತ್ತಿಯ ಅಂಗಿ ಬೆನ್ನಿನಲ್ಲಿ ಮುದುಡಿರುವುದು ಇದರಿಂದ. ಬೆವರು ಹಿಡಿತ ಬಿಡಿಸಿತು, ಮೈಯ ಒತ್ತಡ ಮಡಚಿತು, ಗಾಳಿ ಒಣಗಿಸಿತು. ಇಸ್ತ್ರಿ ಮಾಡುವವರು ನೀರು ಚಿಮುಕಿಸಿ ಬಿಸಿ ಪೆಟ್ಟಿಗೆ ಒತ್ತುವಾಗ ನಡೆಯುವುದೂ ಇದೇ ಕೆಲಸ, ಬಾಗಿಸುವ ಬದಲು ಚಪ್ಪಟೆ ಮಾಡುವುದಷ್ಟೇ ವ್ಯತ್ಯಾಸ. ಅಂದರೆ ನಮ್ಮ ಸೆಕೆಯಲ್ಲಿ ಬೆವರು ಹೀರಿ ಮೈ ತಂಪಿಡುವ ಗುಣ ಮತ್ತು ಸುಕ್ಕುಗಟ್ಟುವ ದೋಷ, ಎರಡಕ್ಕೂ ಹತ್ತಿಯ ನೀರಿನ ಒಲವೇ ಕಾರಣ. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಬಿಡಿಸುವುದು ಹೇಗೆ?

ನಮ್ಮ ಹಿರಿಯರು ಕಂಡುಕೊಂಡ ಉಪಾಯ ಗಂಜಿ. ಅನ್ನದ ತಿಳಿಯಲ್ಲಿ ಅದ್ದಿ ಒಣಗಿಸಿದ ಪಂಚೆ, ಸೀರೆಗಳಲ್ಲಿ ಎಳೆಗಳ ಸಂದುಗಳನ್ನು ಗಂಜಿ ತುಂಬಿ, ಬಟ್ಟೆ ಸೆಟೆದು ನಿಲ್ಲುತ್ತದೆ. ಇದೇ ತತ್ವವನ್ನು ಬರವಣಿಗೆಗೂ ಒಗ್ಗಿಸಿದ್ದು ಕರ್ನಾಟಕದ ‘ಕಡತ’. ಹುಣಿಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು ಒಣಗಿಸಿದರೆ ಕರಿಹಲಗೆಯಂತಹ ಗಟ್ಟಿ ಹಾಳೆ. ಅದನ್ನು ಹಿಂದೆಮುಂದೆ ಮಡಿಚಿ ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದ ಲೆಕ್ಕಪತ್ರಗಳು ಇಂಥ ಕಡತಗಳಲ್ಲಿ ಉಳಿದುಬಂದಿವೆ. ಮಡಿಕೆ ಇದ್ದರೂ ಸುಕ್ಕಿಲ್ಲದ ಬಟ್ಟೆ ಅದು. ಬಟ್ಟೆ ಹೋದರೂ ಹೆಸರು ಉಳಿದಿದೆ. ಕಚೇರಿಯ ಫೈಲನ್ನು ಇಂದಿಗೂ ಕಡತವೆನ್ನುತ್ತೇವೆ. ಆದರೆ ಗಂಜಿಯ ಆಟ ಮುಂದಿನ ಒಗೆತದವರೆಗೆ ಮಾತ್ರ.

ಎರಡನೆಯ ಮಹಾಯುದ್ಧದ ನಂತರ ನೈಲಾನ್, ಪಾಲಿಯೆಸ್ಟರ್ ಬಟ್ಟೆಗಳು ಮಾರುಕಟ್ಟೆಗೆ ಬಂದವು. ನೀರನ್ನು ಅಷ್ಟಾಗಿ ಹೀರದ ಇವು ಸುಕ್ಕುಗಟ್ಟುವುದೂ ಕಡಿಮೆ. ಇಸ್ತ್ರಿಯ ಗೋಜಿಲ್ಲದ ಬಟ್ಟೆಗೆ ಜನ ಮುಗಿಬಿದ್ದಾಗ ಅಮೆರಿಕದ ಹತ್ತಿ ಬೆಳೆಗಾರರು ದಿಗಿಲುಗೊಂಡರು. ನ್ಯೂ ಆರ್ಲಿಯನ್ಸ್ ನಗರದಲ್ಲಿ ಆ ದೇಶದ ಕೃಷಿ ಇಲಾಖೆಯ ಪ್ರಯೋಗಾಲಯವಿದೆ. ಅಲ್ಲಿಗೆ 1953ರಲ್ಲಿ ಸೇರಿದ ರಸಾಯನಶಾಸ್ತ್ರಜ್ಞೆ ರೂತ್ ಬೆನೆರಿಟೊ ಮತ್ತು ಅವರ ಸಹೋದ್ಯೋಗಿಗಳು ಸೆಲ್ಯುಲೋಸ್ ಸರಪಳಿಗಳ ನಡುವೆ ಪುಟ್ಟ ಅಣುಗಳಿಂದ ಸೇತುವೆ ಕಟ್ಟುವ ವಿಧಾನಗಳನ್ನು ಬೆಳೆಸಿದರು. ನೀರು ಬಂದರೂ ಈ ಸೇತುವೆಗಳು ಕಳಚುವುದಿಲ್ಲ, ಸರಪಳಿ ಜಾರುವುದಿಲ್ಲ. 55 ಪೇಟೆಂಟುಗಳ ಒಡತಿಯಾಗಿದ್ದರೂ, ಇದು ಒಬ್ಬರ ಕೆಲಸವಲ್ಲ ಎಂದೇ ಬೆನೆರಿಟೊ ಹೇಳುತ್ತಿದ್ದರು. ಅವರು 2013ರಲ್ಲಿ ತೀರಿಕೊಂಡರು.

ಆದರೆ ಈ ವರಕ್ಕೂ ಬೆಲೆಯಿದೆ. ಜಾರಲು ಬಿಡದೆ ಕಟ್ಟಿಹಾಕಿದ ನಾರು ಪೆಡಸಾಗುತ್ತದೆ. ಬಟ್ಟೆಯ ಬಲ ತಗ್ಗಿ ಕಾಲರು, ತೋಳಿನ ಅಂಚು ಬೇಗ ಸವೆಯುತ್ತವೆ. ಸೇತುವೆ ಕಟ್ಟಲು ಹೆಚ್ಚಾಗಿ ಬಳಸುವ ರಾಸಾಯನಿಕಗಳು ಫಾರ್ಮಾಲ್ಡಿಹೈಡನ್ನು ಕೊಂಚ ಕೊಂಚವಾಗಿ ಹೊರಬಿಡುತ್ತವೆ. ಕೆಲವರ ಚರ್ಮಕ್ಕೆ ಇದರಿಂದ ತುರಿಕೆ, ದದ್ದು. ಉಡುವವರಿಗಿಂತ ಹೆಚ್ಚು ಅಪಾಯ ಕಾರ್ಖಾನೆಯಲ್ಲಿ ಅದನ್ನು ದಿನವೂ ಉಸಿರಾಡುವ ಕಾರ್ಮಿಕರಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಇತ್ತೀಚಿನ ವಿಧಾನಗಳಲ್ಲಿ ಅದರ ಪ್ರಮಾಣ ಇಳಿದಿರುವುದು ನಿಜ. ಆದರೂ ಸುಕ್ಕಾಗದ ಹೊಸ ಅಂಗಿಯನ್ನು ಒಮ್ಮೆ ಒಗೆದು ತೊಡುವುದು ಒಳ್ಳೆಯದು.

ಸುಕ್ಕಿನೊಡನೆ ಯುದ್ಧ ಹೂಡದೆ ರಾಜಿ ಮಾಡಿಕೊಂಡವರೂ ಇದ್ದಾರೆ. ಅದೇ ನ್ಯೂ ಆರ್ಲಿಯನ್ಸ್‌ನಲ್ಲಿ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬೇಸಿಗೆಯ ಸೂಟುಗಳಿಗೆ ಹೆಸರಾದ ಬಟ್ಟೆ ಸೀರ್‌ಸಕ್ಕರ್. ಹೆಸರು ಪಾರಸಿಯ ‘ಶೀರ್-ಓ-ಶಕ್ಕರ್’ನಿಂದ ಬಂದುದು, ಅರ್ಥ ಹಾಲು-ಸಕ್ಕರೆ. ಬಟ್ಟೆ ಹೋದದ್ದು ನಮ್ಮ ಭಾರತದಿಂದ. ಒಂದು ಪಟ್ಟೆ ಹಾಲಿನಂತೆ ನುಣುಪು, ಮುಂದಿನದು ಸಕ್ಕರೆಯಂತೆ ತರಿತರಿ. ಮಗ್ಗದಲ್ಲಿ ಹಾಸಿನ ಎಳೆಗಳನ್ನು ಎರಡು ಉರುಳೆಗಳಿಗೆ ಸುತ್ತಿ, ಒಂದನ್ನು ಬಿಗಿಯಾಗಿ, ಇನ್ನೊಂದನ್ನು ಸಡಿಲವಾಗಿ ಬಿಟ್ಟು ನೇಯುತ್ತಾರೆ. ಸಡಿಲ ಪಟ್ಟೆ ಬಿಗಿ ಪಟ್ಟೆಗಿಂತ ಉದ್ದವಾಗಿ ಉಬ್ಬುತ್ತದೆ. ಆ ಉಬ್ಬು ಬಟ್ಟೆಯನ್ನು ಮೈಗೆ ಅಂಟದಂತೆ ಎತ್ತಿಹಿಡಿದು ಗಾಳಿಗೆ ದಾರಿ ಬಿಡುತ್ತದೆ. ಹುಟ್ಟಿನಿಂದಲೇ ಸುಕ್ಕಾಗಿರುವುದಕ್ಕೆ ಇಸ್ತ್ರಿಯ ಹಂಗೇನು?

ಇದಕ್ಕಿಂತ ನಯವಾದ ರಾಜಿ ಮೈಸೂರು ರೇಷ್ಮೆಯದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಸ್ವಿಟ್ಜರ್ಲೆಂಡಿನಿಂದ ತರಿಸಿದ ಮಗ್ಗಗಳೊಂದಿಗೆ ಆರಂಭವಾದ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಇಂದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಆಡಳಿತದಲ್ಲಿದೆ. ಅಲ್ಲಿಯ ಕ್ರೇಪ್ ಸೀರೆಯಲ್ಲಿ ಹೊಕ್ಕಿನ ನೂಲಿಗೆ ವಿಪರೀತ ಹುರಿ ಕೊಡುತ್ತಾರೆ. ಕೆಲವು ಎಳೆಗಳಿಗೆ ಬಲಹುರಿ, ಕೆಲವಕ್ಕೆ ಎಡಹುರಿ. ನೇಯುವಾಗ ರೇಷ್ಮೆಯ ಸಹಜ ಅಂಟು ಆ ಹುರಿಯನ್ನು ಹಿಡಿದಿಟ್ಟಿರುತ್ತದೆ. ನೇಯ್ದ ಬಟ್ಟೆಯನ್ನು ಸಾಬೂನಿನ ಬಿಸಿನೀರಿನಲ್ಲಿ ಕುದಿಸಿದಾಗ ಅಂಟು ಕರಗಿ, ಬಿಡುಗಡೆಯಾದ ಎಳೆಗಳು ಬಿಚ್ಚಿಕೊಳ್ಳಲು ಎಡಕ್ಕೂ ಬಲಕ್ಕೂ ತಿಣುಕಿ ಬಟ್ಟೆ ಕುಗ್ಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಸಾವಿರಾರು ಸುಕ್ಕುಗಳು ಮೈತುಂಬ ಏಳುತ್ತವೆ. ಆ ಸೀರೆ ಹೊಳಪನ್ನು ಮೆದುವಾಗಿಸಿಕೊಂಡು ಜೋಲುವುದೂ, ಹಿಡಿದು ಹಿಂಡಿದರೂ ಚೇತರಿಸಿಕೊಳ್ಳುವುದೂ ಈ ಸಣ್ಣ ಸುಕ್ಕುಗಳ ಕೃಪೆಯಿಂದ.

ನುಣುಪಾದುದೇ ನಾಗರಿಕ, ಸುಕ್ಕಾದುದು ಸೋಮಾರಿತನ ಎಂಬ ಭಾವನೆ ಕಚೇರಿಗಳಲ್ಲೂ ಶಾಲೆಗಳಲ್ಲೂ ಬೇರೂರಿದೆ. ಅದಕ್ಕಾಗಿ ಇದ್ದಿಲು ಉರಿಯುತ್ತದೆ, ವಿದ್ಯುತ್ತು ಖರ್ಚಾಗುತ್ತದೆ, ಎಲ್ಲೋ ಒಬ್ಬ ಕಾರ್ಮಿಕ ಬೇಡದ ಗಾಳಿಯನ್ನು ಉಸಿರಾಡುತ್ತಾನೆ. ಹತ್ತಿಯ ಅಂಗಿಯ ಬೆನ್ನಿನ ಸುಕ್ಕು ಹೇಳುವುದು ಇಷ್ಟೇ: ಈ ಬಟ್ಟೆ ಬೆವರು ಕುಡಿದಿದೆ, ತನ್ನ ಕೆಲಸ ಮಾಡಿದೆ. ಮದುವೆಮನೆಗೆ ಹೊರಟಾಗ ಇಸ್ತ್ರಿ ಇರಲಿ. ಉಳಿದ ದಿನಗಳಲ್ಲಿ ಆ ಗೆರೆಗಳನ್ನು ಅಷ್ಟು ಕಟುವಾಗಿ ನೋಡಬೇಕಾಗಿಲ್ಲ.