ಷಟ್ಪದಿಯ ಸಾಲು, ಮೊಬೈಲಿನ ಅಂಚು

ಗದಗ ಜಿಲ್ಲೆಯ ನರಗುಂದ ತಾಲ್ಲೂಕಿನ ಕೊಣ್ಣೂರಿಗೆ ಹಿಂದೆ ಕೊಳನೂರ ಎಂಬ ಹೆಸರಿತ್ತು. ರಾಷ್ಟ್ರಕೂಟರ ದಂಡನಾಯಕ ಬಂಕೆಯ ಇಲ್ಲಿ ಕಟ್ಟಿಸಿದ ಜಿನಾಲಯಕ್ಕೆ ಅಮೋಘವರ್ಷ ದತ್ತಿ ಬಿಟ್ಟನೆಂದು ಊರಿನ ಕಲ್ಲುಶಾಸನ ಹೇಳುತ್ತದೆ. ದತ್ತಿಯ ಕಾಲ ಶಕ 782, ಅಂದರೆ ಕ್ರಿ.ಶ. 860. ಇಂಥ ನಮ್ಮ ಹಳೆಯ ಶಾಸನಗಳಲ್ಲಿ ಸಾಮಾನ್ಯವಾಗಿ ಪದ್ಯವೂ ಗದ್ಯದ ಹಾಗೆ ಒಂದೇ ಸಮನೆ ಓಡುತ್ತದೆ. ಸಾಲು ಮುರಿಯುವುದು ಕಲ್ಲು ಮುಗಿದಲ್ಲಿ, ಪಾದ ಮುಗಿದಲ್ಲಲ್ಲ. ಓಲೆಗರಿಯೂ ಹಾಗೆಯೇ. ಓದುವವರಿಗೆ ಛಂದಸ್ಸು ಕಿವಿಯಲ್ಲಿತ್ತು. ಪಾದಗಳನ್ನು ಬಿಡಿಸಿ ಕಣ್ಣಿಗೂ ಕಾಣುವಂತೆ ಮಾಡಿದ್ದು ಅಚ್ಚಿನ ಪುಸ್ತಕ.

ಆ ಉಪಕಾರವನ್ನು ಮೊಬೈಲಿನ ಪರದೆ ಅಳಿಸುತ್ತಿದೆ. ಇದೇ ಜಿಲ್ಲೆಯ ಗದುಗಿನ ವೀರನಾರಾಯಣನ ಅಂಕಿತದಲ್ಲಿ ಕುಮಾರವ್ಯಾಸ ಹಾಡಿದ ಭಾಮಿನಿ ಷಟ್ಪದಿಯನ್ನೇ ನೋಡಿ. 1, 2, 4, 5ನೇ ಸಾಲುಗಳಿಗೆ 14 ಮಾತ್ರೆ. 3 ಮತ್ತು 6ನೆಯದಕ್ಕೆ 23. ಉದ್ದ ಸಾಲು ಪರದೆಯಲ್ಲಿ ಹಿಡಿಸದಿದ್ದಾಗ ಅದರ ಬಾಲ ತುಂಡಾಗಿ ಕೆಳಗಿನ ಎಡ ಅಂಚಿಗೆ ಬೀಳುತ್ತದೆ. ಆರು ಸಾಲಿನ ಪದ್ಯ ಎಂಟು ಸಾಲಾಗಿ ಕಾಣುತ್ತದೆ. ಗಮಕ ಕೇಳದೆ ಬೆಳೆದ ಶಾಲೆಯ ಹುಡುಗಿಗೆ ಎಲ್ಲಿ ಉಸಿರು ನಿಲ್ಲಿಸಬೇಕೆಂದು ಹೇಗೆ ತಿಳಿಯಬೇಕು?

ಇದಕ್ಕೆ ಮದ್ದು 1996ರ ಡಿಸೆಂಬರಿನಲ್ಲಿ ಬಂದ, ವೆಬ್ ಪುಟದ ರೂಪ ನಿರ್ಧರಿಸುವ ಭಾಷೆಯಾದ ಸಿಎಸ್‌ಎಸ್‌ನ ಮೊದಲ ಆವೃತ್ತಿಯಲ್ಲೇ ಇದೆ: ಟೆಕ್ಸ್ಟ್-ಇಂಡೆಂಟ್. ಅದು ಒಂದು ಬ್ಲಾಕಿನ ಮೊದಲ ಸಾಲನ್ನಷ್ಟೇ ಸರಿಸುತ್ತದೆ. ಧನ ಸಂಖ್ಯೆ ಕೊಟ್ಟರೆ ಒಳಕ್ಕೆ, ಋಣ ಸಂಖ್ಯೆ ಕೊಟ್ಟರೆ ಹೊರಕ್ಕೆ. ಪ್ರತಿ ಪಾದವನ್ನೂ ಪ್ರತ್ಯೇಕ ಬ್ಲಾಕ್ ಮಾಡಿ, ಪ್ಯಾಡಿಂಗ್-ಲೆಫ್ಟ್ 2 ಎಮ್, ಟೆಕ್ಸ್ಟ್-ಇಂಡೆಂಟ್ ಮೈನಸ್ 2 ಎಮ್ ಎಂದು ಬರೆದರೆ ಸಾಕು. ಪಾದ ಎಡ ಅಂಚಿನಿಂದಲೇ ಶುರುವಾಗುತ್ತದೆ. ಮುರಿದು ಬಿದ್ದ ತುಂಡು ಮಾತ್ರ ಒಳಗೆ ಸರಿದು, ತಾನು ಮೇಲಿನ ಸಾಲಿನದೇ ಎಂದು ತೋರಿಸಿಕೊಳ್ಳುತ್ತದೆ. ಇಡೀ ಪದ್ಯವನ್ನು ಒಂದೇ ಬ್ಲಾಕಿನಲ್ಲಿಟ್ಟು ಬರೀ ಸಾಲು ಮುರಿದರೆ ಇದು ನಡೆಯದು.

ಪಿಕ್ಸೆಲ್ ಬಿಟ್ಟು ಎಮ್ ಏಕೆ? ಎಮ್ ಅಕ್ಷರದ ಗಾತ್ರಕ್ಕೆ ಕಟ್ಟುಬಿದ್ದ ಅಳತೆ. ಕಣ್ಣು ಮಂಜಾದ ಅಜ್ಜ ಅಕ್ಷರವನ್ನು ದೊಡ್ಡದು ಮಾಡಿಕೊಂಡರೆ ಅಂತರವೂ ಜೊತೆಗೇ ಬೆಳೆಯುತ್ತದೆ. ಸ್ಪೇಸ್ ಒತ್ತಿ ಜಾಗ ಬಿಡುವುದಂತೂ ವ್ಯರ್ಥ: ಎಷ್ಟು ಒತ್ತಿದರೂ ಬ್ರೌಸರ್ ಅವನ್ನೆಲ್ಲ ಒಂದಕ್ಕೆ ಇಳಿಸಿಬಿಡುತ್ತದೆ.

ಗದ್ಯಕ್ಕೆ ಇಷ್ಟು ಕಷ್ಟವಿಲ್ಲ. ಪ್ಯಾರಾಗಳ ನಡುವೆ ಖಾಲಿ ಜಾಗವನ್ನಾದರೂ ಬಿಡಿ, ಮೊದಲ ಸಾಲನ್ನಾದರೂ ಸರಿಸಿ, ಎರಡೂ ಬೇಡ. ಒತ್ತಕ್ಷರಗಳು ಕೆಳಸಾಲಿಗೆ ತಾಗದಂತೆ ಲೈನ್-ಹೈಟ್ ಮಾತ್ರ ಧಾರಾಳವಾಗಿರಲಿ.

ಪದ್ಯ ಹಾಕುವವರು ಇನ್ನೊಂದನ್ನು ಗಮನಿಸಬೇಕು. ಟೆಕ್ಸ್ಟ್-ಇಂಡೆಂಟ್ ಒಳಗಿನ ಬ್ಲಾಕುಗಳಿಗೂ ಇಳಿದು ಬರುತ್ತದೆ. ಪಾದದೊಳಗೆ ಕಠಿಣ ಪದದ ಅರ್ಥಕ್ಕೆಂದು ಪೆಟ್ಟಿಗೆ ಇಟ್ಟಿದ್ದರೆ ಅದರ ಮೊದಲ ಅಕ್ಷರಗಳು ಎಡಕ್ಕೆ ಜಾರಿ ಹೊರಬೀಳುತ್ತವೆ. ಅಲ್ಲಿ ಟೆಕ್ಸ್ಟ್-ಇಂಡೆಂಟ್ ಸೊನ್ನೆ ಎಂದು ಮತ್ತೆ ಬರೆಯಬೇಕು.