ಹಸು ಕಂದು ಹಾಕಿದರೆ ಆಶಾ ಅಕ್ಕನಿಗೂ ಹೇಳಿ



ಗಬ್ಬದ ಹಸು ಆರೇಳು ತಿಂಗಳಿಗೆ ಕಂದು ಹಾಕಿದರೆ ನೀವು ಸಂಘದ ಕಾರ್ಯದರ್ಶಿಗೆ ಹೇಳುತ್ತೀರಿ, ಇಲ್ಲವೇ ನಮಗೆ ಫೋನ್ ಮಾಡುತ್ತೀರಿ. ಅದು ಸರಿ. ಆದರೆ ಆ ವಿಷಯ ನಿಮ್ಮೂರಿನ ಆಶಾ ಕಾರ್ಯಕರ್ತೆಗೂ ತಿಳಿಯಬೇಕು. "ಹಸುವಿಗೂ ಆಶಾಗೂ ಏನು ಸಂಬಂಧ ಡಾಕ್ಟರೇ?" ಎಂದು ಕೇಳುವವರಿದ್ದಾರೆ. ಅದನ್ನೇ ಇಲ್ಲಿ ಹೇಳುತ್ತೇನೆ.

ಹಸು ಕಂದು ಹಾಕಲು ಹಲವು ಕಾರಣಗಳಿವೆ. ಗುದ್ದು ಬಿದ್ದಿರಬಹುದು, ಜಾರಿ ಬಿದ್ದಿರಬಹುದು, ಬೇರೆ ಸೋಂಕೂ ಇರಬಹುದು. ನಾವು ಹೆಚ್ಚು ಹೆದರುವುದು ಬ್ರುಸೆಲ್ಲೋಸಿಸ್‌ಗೆ. ನಮ್ಮ ಕಡೆ ಇದಕ್ಕೆ ಕಂದು ರೋಗ ಎನ್ನುತ್ತಾರೆ. ರೋಗ ತಗುಲಿದ ಹಸು ಸಾಮಾನ್ಯವಾಗಿ ಐದು ತಿಂಗಳು ದಾಟಿದ ಮೇಲೆ ಕಂದು ಹಾಕುತ್ತದೆ, ಕಸ (ಸತ್ತೆ) ಬೀಳುವುದು ತಡವಾಗುತ್ತದೆ. ಅದೇ ಹಸು ಮುಂದಿನ ಸಲ ಸರಿಯಾಗಿ ಕರು ಹಾಕಬಹುದು. ಆಗ "ರೋಗ ವಾಸಿಯಾಯಿತು" ಎಂದುಕೊಳ್ಳುತ್ತೇವೆ. ಆದರೆ ಅದರ ಕಸದಲ್ಲಿ, ಗರ್ಭದ ನೀರಿನಲ್ಲಿ, ಹಾಲಿನಲ್ಲಿ ರೋಗಾಣು ಇದ್ದೇ ಇರಬಹುದು.

ಈ ರೋಗಾಣು ಮನುಷ್ಯರಿಗೂ ಬರುತ್ತದೆ. ಕೊಟ್ಟಿಗೆಯಲ್ಲಿ ಸಗಣಿ ಬಾಚುವವರು, ಕಸ ಎತ್ತಿ ಹಾಕುವವರು, ಕರುವಿನ ಮೈ ಒರೆಸುವವರು ಬಹುತೇಕ ನೀವೇ. ಹುಲ್ಲು ಕೊಯ್ದ ಕೈಯಲ್ಲಿ ಕುಡುಗೋಲಿನ ಗೀರು ಇಲ್ಲದ ದಿನ ಯಾವುದು? ಆ ಗೀರಿನಿಂದ ರೋಗಾಣು ಒಳಗೆ ಹೋಗುತ್ತದೆ. ಕಣ್ಣಿಗೆ ಸಿಡಿದ ನೀರಿನಿಂದ, ಕಾಯಿಸದ ಹಾಲಿನಿಂದಲೂ ಹೋಗುತ್ತದೆ. (ಗಿಣ್ಣನ್ನು ಬೇಯಿಸಿಯೇ ತಿನ್ನುತ್ತೇವೆ, ಅದರ ಚಿಂತೆ ಬೇಡ.)

ಆಮೇಲೆ ಬರುವುದು ಬಿಟ್ಟುಬಿಟ್ಟು ಕಾಡುವ ಜ್ವರ. ಸಂಜೆ ಏರುತ್ತದೆ, ರಾತ್ರಿ ಬೆವರಿ ಇಳಿಯುತ್ತದೆ. ಸೊಂಟ, ಕೀಲು ನೋವು, ಸುಸ್ತು. ಗಂಡಸರಿಗೆ ವೃಷಣ ಊದಿಕೊಳ್ಳುವುದೂ ಉಂಟು. ಗರ್ಭಿಣಿಯರಿಗೆ ಗರ್ಭಪಾತದ ಅಪಾಯವಿದೆ. ಹಸು ಕಂದು ಹಾಕಿದ್ದು ದೀಪಾವಳಿಗೆ, ಜ್ವರ ಶುರುವಾದದ್ದು ಸಂಕ್ರಾಂತಿಗೆ ಎಂದರೆ ಎರಡನ್ನೂ ಯಾರು ಜೋಡಿಸಿ ನೋಡುತ್ತಾರೆ? ಟೈಫಾಯ್ಡ್ ಎಂದು ಒಂದು ವಾರ, ಸೊಂಟ ನೋವಿಗೆ ಇನ್ನೊಂದು ಮಾತ್ರೆ, ಹೀಗೆ ತಿಂಗಳುಗಳು ಕಳೆಯುತ್ತವೆ. ಇದು ರಕ್ತಪರೀಕ್ಷೆಯಲ್ಲಿ ಗೊತ್ತಾಗುವ ರೋಗ. ಆದರೆ ಪರೀಕ್ಷೆ ಬರೆಯಬೇಕಾದರೆ, ಈ ಮನೆಯ ಹಸು ಕಂದು ಹಾಕಿತ್ತು ಎಂಬುದು ವೈದ್ಯರ ಕಿವಿಗೆ ಬೀಳಬೇಕು.

ಅಲ್ಲಿಗೆ ಆ ಮಾತನ್ನು ಮುಟ್ಟಿಸಬಲ್ಲವಳು ಆಶಾ. 2002ರಲ್ಲಿ ಛತ್ತೀಸಗಢದಲ್ಲಿ ಮಿತಾನಿನ್ ಎಂಬ ಕಾರ್ಯಕ್ರಮ ಶುರುವಾಯಿತು. ಮಿತಾನಿನ್ ಎಂದರೆ ಗೆಳತಿ. ಆದಿವಾಸಿಗಳ ಸಣ್ಣ ಸಣ್ಣ ಹಾಡಿಗಳಲ್ಲೂ ಅಲ್ಲಿಯ ಜನರೇ ತಮ್ಮಲ್ಲೊಬ್ಬ ಹೆಂಗಸನ್ನು ಆರಿಸಿದರು. 2005ರಲ್ಲಿ ದೇಶಕ್ಕೆಲ್ಲ ಆಶಾ ಬಂದಾಗ ಆ ಅನುಭವ ಕಣ್ಣಮುಂದಿತ್ತು. ಸುಮಾರು 1000 ಜನಕ್ಕೆ ಒಬ್ಬರು. ಕಾಡು, ಗುಡ್ಡಗಾಡಿನ ಕಡೆ ಇನ್ನೂ ಕಡಿಮೆ ಜನಕ್ಕೆ ಒಬ್ಬರು. ಆಕೆ ಅದೇ ಊರಲ್ಲಿ ನೆಲೆಸಿದ ಮದುವೆಯಾದ, ವಿಧವೆ ಅಥವಾ ಗಂಡನಿಂದ ಬೇರೆಯಾದ ಹೆಂಗಸಾಗಿರಬೇಕು ಎಂದು ನಿಯಮ ಮಾಡಿದ್ದಾರೆ. ಮದುವೆಯಾಗದ ಹುಡುಗಿ ನಾಳೆ ಬೇರೆ ಊರು ಸೇರುತ್ತಾಳೆ, ಸೊಸೆ ಊರಲ್ಲೇ ಉಳಿಯುತ್ತಾಳೆ ಎಂಬ ಲೆಕ್ಕ ಅದು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶದ ಆಶಾಗಳನ್ನು ಗೌರವಿಸಿತು. ಮಾಡುವ ಕೆಲಸಕ್ಕೆ ತಕ್ಕ ಹಣ ಅವರಿಗೆ ಸಿಗುತ್ತಿಲ್ಲ ಎಂಬುದು ನನ್ನ ಅಭಿಪ್ರಾಯ, ಆ ಮಾತು ಬೇರೆ.

ಆಶಾ ಪುಸ್ತಕದಲ್ಲಿ ಬಸುರಿಯರ, ಬಾಣಂತಿಯರ, ಮಕ್ಕಳ ಲೆಕ್ಕವಿದೆ. ನಿಮ್ಮ ಹಸುವಿನ ಲೆಕ್ಕವಿಲ್ಲ. ನಾವು ಪಶುವೈದ್ಯರೂ ಅಷ್ಟೇ, ಹಸುವಿನ ಜ್ವರ ಅಳೆದು ಹೊರಡುತ್ತೇವೆ. ಈ ಎರಡು ಪುಸ್ತಕದ ನಡುವೆ ಇರುವವರು ನೀವು. ಆದ್ದರಿಂದ ಆಕೆ ಮನೆಗೆ ಬಂದಾಗ ನೇರವಾಗಿ ಹೇಳಿ: "ಇಂಥ ತಿಂಗಳು ನಮ್ಮ ಹಸು ಕಂದು ಹಾಕಿತು, ಕಸ ತೆಗೆದವಳು ನಾನು, ಇಷ್ಟು ದಿನದಿಂದ ಜ್ವರ." ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದೇ ಮಾತನ್ನು ಹೇಳಲು ಆಕೆಯನ್ನು ಜೊತೆಗೆ ಕರೆದುಕೊಂಡು ಹೋಗಿ. ಮನೆಯಲ್ಲಿ ಬಸುರಿ ಇದ್ದರೆ ಜ್ವರ ಬರುವವರೆಗೂ ಕಾಯಬೇಡಿ.

ರೋಗ ಖಚಿತವಾದರೆ ಸಾಮಾನ್ಯವಾಗಿ ಆರು ವಾರ ಎರಡು ಬಗೆಯ ಔಷಧಿ ಕೊಡುತ್ತಾರೆ. ಬಸುರಿಯರಿಗೆ ವೈದ್ಯರು ಬೇರೆ ಔಷಧಿ ಆರಿಸುತ್ತಾರೆ. ಎರಡನೇ ವಾರಕ್ಕೇ ಜ್ವರ ಬಿಡಬಹುದು. ಆಗ ಮಾತ್ರೆ ನಿಲ್ಲಿಸಿದರೆ ರೋಗ ಮರಳುತ್ತದೆ. ಕ್ಷಯದ ರೋಗಿಗಳಿಗೆ ತಿಂಗಳುಗಟ್ಟಲೆ ಬೆನ್ನುಬಿದ್ದು ಮಾತ್ರೆ ನುಂಗಿಸಿದ ಆಶಾಗಳು ಎಷ್ಟೋ ಜನ. ಆರು ವಾರ ಅವರಿಗೆ ದೊಡ್ಡದಲ್ಲ.

ಹಸುವಿನ ಕಡೆಗೂ ಇಂಥ ಒಬ್ಬಳು ಇದ್ದಾಳೆ. ಸಂಜೀವಿನಿ ಒಕ್ಕೂಟದಿಂದ ಬಂದ ಪಶುಸಖಿ. ಆಶಾ, ಪಶುಸಖಿ ಇಬ್ಬರನ್ನೂ ನಿಮ್ಮ ಮಹಿಳಾ ಸಂಘದ ಸಭೆಗೆ ಒಂದೇ ದಿನ ಕರೆಯಿರಿ. ಯಾರ ಕೊಟ್ಟಿಗೆಯಲ್ಲಿ ಕಂದು ಬಿತ್ತು, ಯಾರ ಮನೆಯಲ್ಲಿ ಜ್ವರ ನಿಂತಿಲ್ಲ ಎಂಬುದು ಇಬ್ಬರ ಬಾಯಿಂದ ಒಟ್ಟಿಗೆ ಬಂದರೆ ನಮಗೂ ರಕ್ತದ ಮಾದರಿ ತೆಗೆಯಬೇಕಾದ ಕೊಟ್ಟಿಗೆ ಯಾವುದು ಎಂದು ಗೊತ್ತಾಗುತ್ತದೆ.

ಕಂದು ಬಿದ್ದ ದಿನ ಬರಿಗೈಯಲ್ಲಿ ಏನನ್ನೂ ಮುಟ್ಟಬೇಡಿ. ಕೈಗವಸು ಇಲ್ಲದಿದ್ದರೆ ತೂತಿಲ್ಲದ ಪ್ಲಾಸ್ಟಿಕ್ ಚೀಲವನ್ನು ಮೊಣಕೈವರೆಗೆ ಕಟ್ಟಿಕೊಳ್ಳಿ, ಬಾಯಿ ಮೂಗಿಗೆ ಬಟ್ಟೆ ಇರಲಿ. ಬಸುರಿಯರು, ಮಕ್ಕಳು ಹತ್ತಿರ ಬರಬಾರದು. ಕಂದು, ಕಸ ಎರಡನ್ನೂ ತಿಪ್ಪೆಗೆ ಎಸೆಯದೆ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ನಾಯಿ ಎಳೆದೊಯ್ದರೆ ರೋಗ ಇಡೀ ಬೀದಿಗೆ ಹರಡುತ್ತದೆ. ಸತ್ತೆ ಬೀಳದಿದ್ದರೆ ನೀವೇ ಕೈ ಹಾಕಬೇಡಿ. 1962ಕ್ಕೆ ಅಥವಾ ನಮಗೆ ಕರೆ ಮಾಡಿ.

ಹೆಣ್ಣು ಕರುವಿಗೆ 4ರಿಂದ 8 ತಿಂಗಳ ಒಳಗೆ ಈ ರೋಗದ ಲಸಿಕೆ ಜೀವಮಾನಕ್ಕೆ ಒಂದೇ ಸಲ ಹಾಕುತ್ತೇವೆ. ಎಂಟು ತಿಂಗಳು ದಾಟಿದರೆ ಹಾಕುವುದಿಲ್ಲ. ನಿಮ್ಮ ಹೆಣ್ಣು ಕರು ಹುಟ್ಟಿದ ತಾರೀಖನ್ನು ಇವತ್ತೇ ಸಂಘದ ಕಾರ್ಯದರ್ಶಿಯ ಹತ್ತಿರ ಬರೆಸಿಡಿ.